ವಿಮಾನಶಿಲ್ಪಿ ಡಾ. ಘಾಟಗೆ

ಧಾರವಾಡ ಸೀಮೆಯ ರೈತನು ಸಂತೆಗೆ ಚಕ್ಕಡಿ ಹೂಡುವ ಮುನ್ನ ಗಾಲಿಯ ಬಳಿ ಒಮ್ಮೆ ಬಾಗಿ, ಕಡೆಗೀಲು ಭದ್ರವಾಗಿದೆಯೇ ಎಂದು ನೋಡುತ್ತಾನೆ. ಅಚ್ಚಿಗೆ ಕೀಲೆಣ್ಣೆ ಹಾಕುತ್ತಾನೆ. ಹಿಂದೆ ದೊಡ್ಡ ರೈಲು ನಿಲ್ದಾಣಗಳಲ್ಲಿ ಗಾಡಿ ನಿಂತೊಡನೆ ಕೆಲಸಗಾರನೊಬ್ಬನು ಉದ್ದ ಹಿಡಿಕೆಯ ಸುತ್ತಿಗೆಯಿಂದ ಪ್ರತಿಯೊಂದು ಗಾಲಿಯನ್ನೂ ತಟ್ಟಿ ಅದರ ನಾದವನ್ನು ಆಲಿಸುತ್ತಿದ್ದನು. ಗಟ್ಟಿಯಾದ ಗಾಲಿ ಗಂಟೆಯಂತೆ ನುಡಿಯುತ್ತಿತ್ತು. ಬಿರುಕು ಬಿಟ್ಟ ಗಾಲಿಯ ದನಿ ಒಡೆದಿರುತ್ತಿತ್ತು. ಇಂದು ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲಿಯೂ ಇಂಥದೇ ದೃಶ್ಯವನ್ನು ಕಾಣಬಹುದು. ವಿಮಾನವು ಬಂದು ನಿಂತ ಮೇಲೆ ಒಬ್ಬರು ಅದರ ಸುತ್ತ ನಿಧಾನವಾಗಿ ನಡೆಯುತ್ತಾರೆ. ಟೈರು, ರೆಕ್ಕೆಯ ಅಂಚು, ಎಂಜಿನಿನ ಬಾಯಿ, ಬಾಲದ ಪಟ್ಟಿ ಎಲ್ಲವನ್ನೂ ಕಣ್ಣಿಟ್ಟು ನೋಡುತ್ತಾರೆ. ಪ್ರಯಾಣಿಕರಲ್ಲಿ ಹೆಚ್ಚಿನವರು ಅವರನ್ನು ಗಮನಿಸುವುದೇ ಇಲ್ಲ.

ಚಕ್ಕಡಿ ಕೆಟ್ಟರೆ ದಾರಿಯ ಬದಿಯಲ್ಲಿ ನಿಲ್ಲಿಸಬಹುದು. ರೈಲು ಕೆಟ್ಟರೆ ಹಳಿಯ ಮೇಲೆಯೇ ನಿಲ್ಲುತ್ತದೆ. ಆಕಾಶದಲ್ಲಿ ನಿಲ್ಲುವ ಎಡೆಯಿಲ್ಲ. ಆದುದರಿಂದ ವಿಮಾನವು ಹಾರಲು ತಕ್ಕುದಾಗಿದೆ ಎಂಬುದನ್ನು ಅದು ನೆಲ ಬಿಡುವ ಮೊದಲೇ ಸಿದ್ಧಪಡಿಸಿ ತೋರಿಸಬೇಕು. ಈ ತಕ್ಕತನಕ್ಕೆ ಹಾರಾಟಯೋಗ್ಯತೆ ಎಂದು ಹೆಸರು. ನಮ್ಮ ದೇಶದ ಜನರು ತಾವೇ ವಿಮಾನವನ್ನು ಕಲ್ಪಿಸಿ, ತಾವೇ ಕಟ್ಟಿ, ಅದರ ಹಾರಾಟಯೋಗ್ಯತೆಯನ್ನೂ ತಾವೇ ಪರೀಕ್ಷಿಸಿ ತೋರಿಸಬಲ್ಲರು ಎಂಬ ನಂಬಿಕೆಯನ್ನು ಬೆಂಗಳೂರಿನಲ್ಲಿ ಬೇರೂರಿಸಿದವರಲ್ಲಿ ಅಗ್ರಗಣ್ಯರು ಡಾ. ವಿಷ್ಣು ಮಾಧವ ಘಾಟಗೆಯವರು.

ಘಾಟಗೆಯವರು ಜನಿಸಿದುದು 1908ನೆಯ ಇಸವಿ ಅಕ್ಟೋಬರ್ 24ರಂದು, ಕೊಲ್ಲಾಪುರ ಜಿಲ್ಲೆಯ ಹಸೂರಚಂಪು ಎಂಬ ಹಳ್ಳಿಯಲ್ಲಿ. ಅದು ಬೆಳಗಾವಿಯ ಗಡಿಗೆ ಹೊಂದಿದ ಸೀಮೆ. ಸಂತೆಯಲ್ಲಿಯೂ ಜಾತ್ರೆಯಲ್ಲಿಯೂ ಮರಾಠಿ, ಕನ್ನಡ ಎರಡೂ ಕಿವಿಗೆ ಬೀಳುವ ನಾಡು. ಅವರು ಹುಟ್ಟುವುದಕ್ಕೆ ಐದು ವರ್ಷಗಳ ಮೊದಲು, 1903ರ ಡಿಸೆಂಬರ್ 17ರಂದು, ಅಮೆರಿಕದ ರೈಟ್ ಸೋದರರು ಎಂಜಿನಿನ ಬಲದಿಂದ ಮೊದಲ ಬಾರಿಗೆ ಹಾರಿದ್ದರು. ಭಾರತದ ಹಳ್ಳಿಗಳಿಗೆ ವಿಮಾನವೆಂದರೆ ಆಗ ಪುರಾಣದ ಪುಷ್ಪಕವಷ್ಟೇ. ಅಂಥ ಕಾಲದಲ್ಲಿ ಹಳ್ಳಿಯಲ್ಲಿ ಹುಟ್ಟಿದ ಬಾಲಕನು ಪುಣೆ, ಮುಂಬಯಿಗಳಲ್ಲಿ ವಿಜ್ಞಾನವನ್ನು ಓದಿ, ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಯ ಗಟಿಂಗೆನ್ ನಗರಕ್ಕೆ ತೆರಳಿದನು.

ಗಟಿಂಗೆನ್ ಆ ಕಾಲದಲ್ಲಿ ವಾಯುಚಲನಶಾಸ್ತ್ರದ ಕಾಶಿಯಾಗಿದ್ದಿತು. ಅಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ ಮಹಾವಿಜ್ಞಾನಿಯು ಬೋಧಿಸುತ್ತಿದ್ದನು. ಚಲಿಸುವ ವಸ್ತುವಿನ ಮೈಗೆ ಅಂಟಿಕೊಂಡಂತೆ ಗಾಳಿಯ ತೀರ ತೆಳುವಾದ ಒಂದು ಪದರವಿರುತ್ತದೆ, ಗಾಳಿಯು ವಸ್ತುವನ್ನು ತಡೆಯುವ ರಹಸ್ಯವು ಬಹುಮಟ್ಟಿಗೆ ಆ ಪದರದಲ್ಲಿಯೇ ಅಡಗಿದೆ ಎಂದು 1904ರಲ್ಲಿ ತೋರಿಸಿಕೊಟ್ಟವನು ಆತನೇ. ರೆಕ್ಕೆಯ ಮಾದರಿಯೊಂದನ್ನು ಸುರಂಗದಲ್ಲಿಟ್ಟು ಅದರ ಮೇಲೆ ಗಾಳಿಯನ್ನು ಹಾಯಿಸಿ, ಏರಿಸುವ ಬಲವೆಷ್ಟು, ತಡೆಯುವ ಬಲವೆಷ್ಟು ಎಂದು ಅಳೆಯುವ ಪದ್ಧತಿಯು ಅಲ್ಲಿ ಚೆನ್ನಾಗಿ ಬೆಳೆದಿದ್ದಿತು. ಊಹೆಯನ್ನು ಲೆಕ್ಕದಿಂದ ತೂಗುವುದು, ಲೆಕ್ಕವನ್ನು ಪ್ರಯೋಗದಿಂದ ತೂಗುವುದು ಆ ವಿದ್ಯಾಕೇಂದ್ರದ ಶಿಸ್ತು. ಈ ಶಿಸ್ತಿನಲ್ಲಿ ಪಳಗಿದ ಘಾಟಗೆಯವರು 1936ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಸ್ವದೇಶಕ್ಕೆ ಮರಳಿ ಕೆಲಕಾಲ ಕಾಲೇಜಿನಲ್ಲಿ ಅಧ್ಯಾಪಕರಾದರು. ಅವರ ವಿದ್ಯೆಗೆ ತಕ್ಕ ಕಾರ್ಯಕ್ಷೇತ್ರ ದೇಶದಲ್ಲಿ ಇನ್ನೂ ಸಿದ್ಧವಾಗಿರಲಿಲ್ಲ.

ಅದು ಸಿದ್ಧವಾದುದು ಬೆಂಗಳೂರಿನಲ್ಲಿ. ಸೊಲ್ಲಾಪುರದಲ್ಲಿ ಹುಟ್ಟಿದ ಕೈಗಾರಿಕೋದ್ಯಮಿ ವಾಲ್‌ಚಂದ್ ಹೀರಾಚಂದರು ಭಾರತದಲ್ಲಿ ವಿಮಾನ ಕಾರ್ಖಾನೆಯೊಂದನ್ನು ತೆರೆಯಬೇಕೆಂದು ಹಂಬಲಿಸಿದ್ದರು. ಮೈಸೂರು ಸಂಸ್ಥಾನವು ಅವರಿಗೆ ನೆರವಾಯಿತು. ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1940ರ ಡಿಸೆಂಬರ್ 23ರಂದು, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯು ಸ್ಥಾಪನೆಯಾಯಿತು. ಮೈಸೂರು ಸರ್ಕಾರವು ಅದರಲ್ಲಿ ಪಾಲುದಾರನಾಯಿತು. ಘಾಟಗೆಯವರು ಕಾರ್ಖಾನೆಯ ಆರಂಭದ ದಿನಗಳಲ್ಲಿಯೇ ಅದರ ಕಾರ್ಯದಲ್ಲಿ ತೊಡಗಿದರು. ಹತ್ತು ಜನರನ್ನು ಹೊರಬಲ್ಲ, ಎಂಜಿನಿಲ್ಲದೆ ತೇಲುವ ಗ್ಲೈಡರೊಂದನ್ನು ಅವರು ಅಲ್ಲಿ ರಚಿಸಿದರು. ಸ್ವದೇಶೀ ವಿಮಾನರಚನೆಯ ಮೊದಲ ಪಾಠಗಳಲ್ಲಿ ಅದೂ ಒಂದಾಯಿತು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧದ ಜ್ವಾಲೆ ಏಷ್ಯಾ ಖಂಡದ ಪೂರ್ವಭಾಗವನ್ನು ವ್ಯಾಪಿಸಿತು. ಹೊಸ ವಿಮಾನಗಳ ನಿರ್ಮಾಣವನ್ನು ಬದಿಗಿರಿಸಿ ಕಾರ್ಖಾನೆಯು ಯುದ್ಧವಿಮಾನಗಳ ದುರಸ್ತಿಗೆ ಮುಡಿಪಾಗಬೇಕಾಯಿತು. 1943ರಲ್ಲಿ ಅದರ ಆಡಳಿತವು ಅಮೆರಿಕದ ವಾಯುಪಡೆಯ ಕೈಸೇರಿತು. ಡಕೋಟಾ ಮೊದಲಾದ ವಿಮಾನಗಳು ಬೆಂಗಳೂರಿಗೆ ಬಂದವು. ನೀರಿನ ಮೇಲೂ ಇಳಿಯಬಲ್ಲ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ದುರಸ್ತಿಗೆ ಬರುತ್ತಿದ್ದವು. ಕೆರೆಯ ಏರಿಯ ಮೇಲೆ ದನ ಮೇಯಿಸುವವರಿಗೆ ಅದೊಂದು ವಿಸ್ಮಯದ ನೋಟವಾಗಿದ್ದಿರಬೇಕು.

ವಿಮಾನದ ದುರಸ್ತಿಯೆಂದರೆ ಕೆಟ್ಟ ಭಾಗವನ್ನು ತೆಗೆದು ಹೊಸದನ್ನು ಹಾಕುವಷ್ಟು ಸರಳವಲ್ಲ. ಎಂಜಿನನ್ನು ಪೂರ್ತಿಯಾಗಿ ಬಿಚ್ಚಬೇಕು. ಪ್ರತಿಯೊಂದು ಭಾಗವನ್ನೂ ತೊಳೆದು, ಸವೆತವನ್ನು ಅಳೆದು, ಕಣ್ಣಿಗೆ ಕಾಣದ ಬಿರುಕುಗಳನ್ನು ಹುಡುಕಬೇಕು. ಗೊತ್ತಾದ ಮಿತಿಯನ್ನು ಮೀರಿ ಸವೆದುದನ್ನು ಹೊರಗೆ ಹಾಕಬೇಕು. ಮತ್ತೆ ಜೋಡಿಸಿ, ನೆಲದ ಮೇಲೆ ಓಡಿಸಿ ನೋಡಿ, ಅನಂತರ ವಿಮಾನಕ್ಕೆ ಕೂಡಿಸಬೇಕು. ಯಾವ ಭಾಗವನ್ನು ಯಾರು ಎಂದು ನೋಡಿದರು, ಏನನ್ನು ಕಂಡರು, ಏನನ್ನು ಬದಲಿಸಿದರು ಎಂಬುದನ್ನು ಬರೆದಿಡಬೇಕು. ಬಡಗಿ, ಕಮ್ಮಾರ, ಯಂತ್ರಗಾರರಾಗಿ ಬಂದ ನೂರಾರು ಜನ ಆ ವರ್ಷಗಳಲ್ಲಿ ಈ ಕಟ್ಟುನಿಟ್ಟನ್ನು ಕಲಿತರು. ಯುದ್ಧವು ನಾಡಿಗೆ ಕಷ್ಟಗಳನ್ನೇ ತಂದಿತಾದರೂ ಬೆಂಗಳೂರಿನ ಕಾರ್ಖಾನೆಗೆ ಈ ಒಂದು ವಿದ್ಯೆಯನ್ನು ಬಿಟ್ಟುಹೋಯಿತು.

ಕೈಗಳು ಪಳಗಿದರೆ ಸಾಲದು, ಶಾಸ್ತ್ರವನ್ನು ಬಲ್ಲ ಎಂಜಿನಿಯರರೂ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1942ರ ಡಿಸೆಂಬರಿನಲ್ಲಿ ವಿಮಾನಶಾಸ್ತ್ರ ವಿಭಾಗವು ಆರಂಭವಾಯಿತು. ದೇಶದಲ್ಲಿ ಆ ಬಗೆಯ ಶಿಕ್ಷಣಕ್ಕೆ ಅದೇ ನಾಂದಿ. ವಿಭಾಗದ ಹೊಣೆಯು ಮೂವತ್ತನಾಲ್ಕು ವರ್ಷ ವಯಸ್ಸಿನ ಘಾಟಗೆಯವರ ಹೆಗಲಿಗೆ ಬಿದ್ದಿತು. ವಿಜ್ಞಾನ ಮಂದಿರದಲ್ಲಿ ಪಾಠ, ಕಾರ್ಖಾನೆಯಲ್ಲಿ ಪ್ರಯೋಗ ಎಂಬಂತೆ ಎರಡೂ ಒಂದನ್ನೊಂದು ಪೋಷಿಸುತ್ತ ಬೆಳೆದುವು. ಅಲ್ಲಿ ಕಲಿತ ತರುಣರು ಮುಂದೆ ಕಾರ್ಖಾನೆಗಳಲ್ಲಿಯೂ ಪ್ರಯೋಗಶಾಲೆಗಳಲ್ಲಿಯೂ ನೆಲೆಸಿ ದೇಶದ ವಿಮಾನೋದ್ಯಮದ ಆಧಾರಸ್ತಂಭಗಳಾದರು.

ಸ್ವಾತಂತ್ರ್ಯ ಬಂದ ಮರುವರ್ಷವೇ ಕಾರ್ಖಾನೆಯ ವಿದ್ಯೆಗೆ ಕಠಿಣವಾದ ಪರೀಕ್ಷೆಯೊಂದು ಎದುರಾಯಿತು. ಯುದ್ಧ ಮುಗಿದಾಗ ಲಿಬರೇಟರ್ ಎಂಬ ನಾಲ್ಕು ಎಂಜಿನುಗಳ ಬಾಂಬರು ವಿಮಾನಗಳನ್ನು ಕಾನ್ಪುರದ ಬಯಲಿನಲ್ಲಿ ಬಿಟ್ಟುಹೋಗಿದ್ದರು. ಅವು ಮತ್ತೆ ಹಾರಬಾರದೆಂಬ ಉದ್ದೇಶದಿಂದಲೇ ಅವುಗಳನ್ನು ಹಾನಿಗೊಳಿಸಲಾಗಿದ್ದಿತು. ಭಾರತದ ವಾಯುಪಡೆಗೆ ಬಾಂಬರುಗಳ ಅಗತ್ಯ ತೀವ್ರವಾಗಿದ್ದಿತು; ಕೊಳ್ಳಲು ಹಣವೂ ಕಾಲವೂ ಇರಲಿಲ್ಲ. ಬೆಂಗಳೂರಿನ ಕಾರ್ಖಾನೆಯ ತಂಡವು ಕಾನ್ಪುರಕ್ಕೆ ಹೋಗಿ, ಒಂದರ ಭಾಗವನ್ನು ಇನ್ನೊಂದಕ್ಕೆ ಹೊಂದಿಸಿ, ಬೆಂಗಳೂರಿನವರೆಗೆ ತಲಪುವಷ್ಟರ ಮಟ್ಟಿಗೆ ಅವುಗಳನ್ನು ಸಜ್ಜುಗೊಳಿಸಿತು. ಕಾರ್ಖಾನೆಯ ಪರೀಕ್ಷಾ ವಿಮಾನಚಾಲಕರಾದ ಜಮ್‌ಶೆಡ್ ಮುನ್ಷಿಯವರು ಅವುಗಳನ್ನು ಹಾರಿಸಿ ತಂದರು. ಬೆಂಗಳೂರಿನಲ್ಲಿ ಪೂರ್ಣ ಪರಿಶೀಲನೆ, ದುರಸ್ತಿಗಳು ನಡೆದು, ಸುಮಾರು ನಲವತ್ತು ಲಿಬರೇಟರುಗಳು ಮತ್ತೆ ಆಕಾಶಕ್ಕೇರಿದುವು. ಆ ಜಾತಿಯ ವಿಮಾನಗಳು 1968ರವರೆಗೆ ನಮ್ಮ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದುವು. ಗುಜರಿಯ ರಾಶಿಯಾಗಿದ್ದ ಲೋಹಕ್ಕೆ ಹಾರಾಟಯೋಗ್ಯತೆಯನ್ನು ಮರಳಿ ತಂದುಕೊಟ್ಟ ಸಾಹಸವಿದು.

ಪರರು ಕಟ್ಟಿದುದನ್ನು ರಿಪೇರಿ ಮಾಡುವುದು ಒಂದು ಹೆಜ್ಜೆ; ನಮ್ಮದನ್ನು ನಾವೇ ಕಟ್ಟುವುದು ಮುಂದಿನ ಹೆಜ್ಜೆ. ವಾಯುಪಡೆಯ ತರುಣರು ಆಗ ಹಾರಾಟದ ಮೊದಲ ಪಾಠ ಕಲಿಯುತ್ತಿದ್ದುದು ಟೈಗರ್ ಮಾತ್ ಎಂಬ, ಬಟ್ಟೆಯ ಹೊದಿಕೆಯ, ಎರಡು ಜೊತೆ ರೆಕ್ಕೆಗಳ ಹಳೆಯ ವಿಮಾನದಲ್ಲಿ. ಅದರ ಸ್ಥಾನಕ್ಕೆ ಪೂರ್ಣವಾಗಿ ಲೋಹದಿಂದಾದ ಶಿಕ್ಷಣವಿಮಾನವೊಂದನ್ನು ರಚಿಸಲು 1948ರಲ್ಲಿ ಸರ್ಕಾರದ ಒಪ್ಪಿಗೆ ದೊರೆಯಿತು. ಘಾಟಗೆಯವರ ನೇತೃತ್ವದಲ್ಲಿ ಕಾರ್ಯವು ಆರಂಭವಾಯಿತು. ಆ ವಿಮಾನಕ್ಕೆ ಎಚ್‌ಟಿ-2 ಎಂದು ಹೆಸರಾಯಿತು.

ಎಚ್‌ಟಿ-2 ಚಿಕ್ಕ ವಿಮಾನ. ಒಬ್ಬರ ಹಿಂದೆ ಒಬ್ಬರಂತೆ ಇಬ್ಬರು ಕೂರಬಹುದು. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 10.7 ಮೀಟರ್. ಆದರೆ ಅದರ ರಚನಕಾರರ ಹೊಣೆಯು ಚಿಕ್ಕದಾಗಿರಲಿಲ್ಲ. ಪಳಗಿದ ಚಾಲಕನು ವಿಮಾನದ ಸಣ್ಣಪುಟ್ಟ ದೋಷಗಳನ್ನು ತನ್ನ ಕೈಚಳಕದಿಂದ ಸರಿದೂಗಿಸಿಕೊಳ್ಳಬಲ್ಲನು. ಶಿಕ್ಷಣವಿಮಾನದಲ್ಲಿ ಕೂರುವವನು ಇಪ್ಪತ್ತರ ಆಸುಪಾಸಿನ ಹುಡುಗ, ಹಾರಾಟಕ್ಕೆ ಹೊಸಬ. ಅವನು ತಪ್ಪು ಮಾಡುವುದೇ ಸಹಜ. ಅವನ ತಪ್ಪನ್ನು ವಿಮಾನವು ತಾಳಿಕೊಳ್ಳಬೇಕು. ನೆಲಕ್ಕೆ ರಭಸದಿಂದ ಬಡಿದರೂ ಅದರ ಕಾಲು ಮುರಿಯಬಾರದು. ವೇಗವನ್ನು ಕಳೆದುಕೊಂಡ ವಿಮಾನವು ಬುಗುರಿಯಂತೆ ಸುತ್ತುತ್ತ ಕೆಳಕ್ಕೆ ಬೀಳುವುದುಂಟು. ಅಂಥ ಸುಳಿಯಿಂದ ಅದು ಚಾಲಕನ ಸರಳವಾದ ಕ್ರಿಯೆಗೆ ಓಗೊಟ್ಟು ಹೊರಬರಬೇಕು. ಒಬ್ಬ ತಾಯಿಯ ಮಗನ ಪ್ರಾಣವು ನಕ್ಷೆಯ ಮೇಲಿನ ಒಂದು ಗೆರೆಯನ್ನು ಅವಲಂಬಿಸಿರುತ್ತದೆ.

ವಿಮಾನವು ಗಟ್ಟಿಯಾಗಿದೆ ಎಂದು ರಚನಕಾರನು ಹೇಳಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಅದನ್ನು ಪರೀಕ್ಷೆಯಿಂದ ಸಿದ್ಧಪಡಿಸಬೇಕು. ಹಾರಾಟದಲ್ಲಿ ರೆಕ್ಕೆಯ ಮೇಲೆ ಬೀಳಬಹುದಾದ ಅತಿ ಹೆಚ್ಚಿನ ಭಾರವೆಷ್ಟೆಂದು ಲೆಕ್ಕ ಹಾಕಿ, ಅದರ ಒಂದೂವರೆ ಪಾಲು ಭಾರವನ್ನು ರೆಕ್ಕೆಯು ಹೊರಬೇಕೆಂಬುದು ಸಾಮಾನ್ಯವಾದ ನಿಯಮ. ಗಾಳಿಯು ರೆಕ್ಕೆಯನ್ನು ಮೇಲಕ್ಕೆ ಎತ್ತುವುದರಿಂದ, ಆ ಕಾಲದ ಕಾರ್ಖಾನೆಗಳಲ್ಲಿ ರೆಕ್ಕೆಯನ್ನು ತಲೆಕೆಳಗಾಗಿ ಕಟ್ಟಿ ಅದರ ಮೇಲೆ ಮರಳಿನ ಚೀಲಗಳನ್ನು ಒಂದೊಂದಾಗಿ ಪೇರಿಸುತ್ತಿದ್ದರು. ಚೀಲ ಏರಿದಂತೆಲ್ಲ ರೆಕ್ಕೆ ಎಷ್ಟು ಬಾಗಿತು ಎಂದು ಅಳೆಯುತ್ತಿದ್ದರು. ಈ ಪರೀಕ್ಷೆಯಲ್ಲಿ ಗೆದ್ದ ಮೇಲೆ ಹಾರಾಟದ ಪರೀಕ್ಷೆ. ಮೊದಲು ನೆಲದ ಮೇಲೆ ಓಟ, ಬಳಿಕ ಚಿಕ್ಕ ಹಾರಾಟ, ಬಳಿಕ ಎತ್ತರ, ವೇಗ, ತಿರುವು, ಸುಳಿ. ಪ್ರತಿ ಹಂತದಲ್ಲಿಯೂ ಲೆಕ್ಕಕ್ಕೂ ಅನುಭವಕ್ಕೂ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಮತ್ತೆ ನಕ್ಷೆಯ ಮೇಜಿಗೆ ಮರಳಬೇಕು.

1951ರ ಆಗಸ್ಟ್ ತಿಂಗಳಿನಲ್ಲಿ ಎಚ್‌ಟಿ-2 ಬೆಂಗಳೂರಿನ ಆಕಾಶದಲ್ಲಿ ಮೊದಲ ಬಾರಿಗೆ ಹಾರಿತು. ಅದನ್ನು ಹಾರಿಸಿದವರು ಲಿಬರೇಟರುಗಳನ್ನು ತಂದ ಮುನ್ಷಿಯವರೇ. ಮೊದಲ ವಿಮಾನದಲ್ಲಿ ಜಿಪ್ಸಿ ಮೇಜರ್ ಎಂಜಿನಿದ್ದಿತು. ಮರುವರ್ಷ ಸಿದ್ಧವಾದ ಎರಡನೆಯ ಮಾದರಿಗೆ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನನ್ನು ಅಳವಡಿಸಲಾಯಿತು. ಎಂಜಿನು ಹೊರದೇಶದ್ದಾದರೂ ವಿಮಾನದ ಕಲ್ಪನೆ, ಲೆಕ್ಕ, ನಕ್ಷೆ, ನಿರ್ಮಾಣಗಳೆಲ್ಲ ನಮ್ಮವರವು. ಒಟ್ಟು 170ರಷ್ಟು ಎಚ್‌ಟಿ-2 ವಿಮಾನಗಳು ತಯಾರಾದುವು. ಮೂರು ದಶಕಗಳಿಗೂ ಹೆಚ್ಚು ಕಾಲ ವಾಯುಪಡೆಯ ತರುಣರು ಅದರಲ್ಲಿಯೇ ಹಾರಾಟದ ಓಂಕಾರವನ್ನು ಕಲಿತರು. ಆಫ್ರಿಕಾ ಖಂಡದ ಘಾನಾ ದೇಶವೂ ತನ್ನ ವಾಯುಪಡೆಗಾಗಿ ಅದನ್ನು ಕೊಂಡುಕೊಂಡಿತು.

ಹಾರಾಟಯೋಗ್ಯತೆಯು ಒಮ್ಮೆ ಪಡೆದು ಪೆಟ್ಟಿಗೆಯಲ್ಲಿ ಇಡುವ ಪದವಿಯಲ್ಲ. ಹಾರಿದಷ್ಟೂ ಯಂತ್ರ ಸವೆಯುತ್ತದೆ. ನಿಂತಿದ್ದರೆ ಮಳೆ ಬಿಸಿಲುಗಳು ಅದನ್ನು ತಿನ್ನುತ್ತವೆ. ಆದುದರಿಂದ ಯೋಗ್ಯತೆಯನ್ನು ದಿನದಿನವೂ ಕಾಯ್ದುಕೊಳ್ಳಬೇಕು. ನಾಗರಿಕ ವಿಮಾನಗಳಿಗೆ ಸಂಬಂಧಿಸಿದಂತೆ ನಮ್ಮ ದೇಶದಲ್ಲಿ 1934ರಲ್ಲಿ ವಿಮಾನ ಅಧಿನಿಯಮವೂ 1937ರಲ್ಲಿ ವಿಮಾನ ನಿಯಮಗಳೂ ಜಾರಿಗೆ ಬಂದುವು. 1934ರ ಕಾನೂನಿನ ಸ್ಥಾನದಲ್ಲಿ ಈಗ 2024ರ ಭಾರತೀಯ ವಾಯುಯಾನ ಅಧಿನಿಯಮವಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಪ್ರತಿಯೊಂದು ವಿಮಾನಕ್ಕೂ ಹಾರಾಟಯೋಗ್ಯತೆಯ ಪತ್ರವನ್ನು ನೀಡುತ್ತದೆ. ಆ ಯೋಗ್ಯತೆಯನ್ನು ವರ್ಷವರ್ಷವೂ ಮರುಪರಿಶೀಲಿಸಬೇಕು. ಸೇನೆಯ ವಿಮಾನಗಳ ಯೋಗ್ಯತೆಯನ್ನು ಪರಿಶೀಲಿಸುವ ಕೇಂದ್ರವು ಬೆಂಗಳೂರಿನಲ್ಲಿಯೇ ಇದೆ.

ಪ್ರತಿ ಹಾರಾಟದ ಮುನ್ನ ಹೊರಗಿನ ಪರಿಶೀಲನೆ. ಗೊತ್ತಾದ ಗಂಟೆಗಳ ಹಾರಾಟವಾದ ಮೇಲೆ ಇನ್ನಷ್ಟು ಆಳವಾದ ಪರಿಶೀಲನೆ. ದೊಡ್ಡ ಪ್ರಯಾಣಿಕ ವಿಮಾನಗಳಾದರೆ ಒಂದೂವರೆ ಎರಡು ವರ್ಷಗಳಿಗೊಮ್ಮೆ ಹಲವು ದಿನ ನಡೆಯುವ ತಪಾಸಣೆ. ಹಲವು ವರ್ಷಗಳಿಗೊಮ್ಮೆ ನೆಲಹಾಸು, ಗೋಡೆಗಳನ್ನು ಸಹ ಬಿಚ್ಚಿ ಒಳಗಿನ ಎಲುಬುಗೂಡನ್ನೇ ನೋಡುವ ತಪಾಸಣೆ. ಕೆಲಸ ಮುಗಿದ ಮೇಲೆ ಪರವಾನಗಿಯುಳ್ಳ ಎಂಜಿನಿಯರು ಪುಸ್ತಕದಲ್ಲಿ ಸಹಿ ಮಾಡಬೇಕು. ಆ ಸಹಿಯಿಲ್ಲದೆ ವಿಮಾನವು ಕದಲುವಂತಿಲ್ಲ. ಎಷ್ಟು ದೊಡ್ಡ ಅಧಿಕಾರಿಯೇ ಕಾದು ಕುಳಿತಿರಲಿ, ಎಷ್ಟೇ ಹಣದ ನಷ್ಟವಾಗಲಿ, ಮನಸ್ಸಿಗೆ ಒಪ್ಪದಿದ್ದರೆ ಸಹಿ ಮಾಡದಿರುವುದೇ ಆ ಎಂಜಿನಿಯರರ ಧರ್ಮ.

ಎಚ್‌ಟಿ-2ರ ಬಳಿಕ ಘಾಟಗೆಯವರ ಮಾರ್ಗದರ್ಶನದಲ್ಲಿ ಬೇರೆ ವಿಮಾನಗಳೂ ರೂಪುಗೊಂಡುವು. 1958ರಲ್ಲಿ ಪುಷ್ಪಕ್ ಎಂಬ ಹಗುರವಾದ ವಿಮಾನವು ಹಾರಿತು. ಬಟ್ಟೆಯ ಹೊದಿಕೆಯ, 90 ಅಶ್ವಶಕ್ತಿಯ ಈ ವಿಮಾನವು ದೇಶದ ಹಾರಾಟ ಕ್ಲಬ್ಬುಗಳಲ್ಲಿ ಮನೆಮಾತಾಯಿತು. ಬಿಸಿಲಿಗೆ ಬಟ್ಟೆಯು ಜೀರ್ಣವಾಗಿದೆಯೇ, ಹೊಲಿಗೆ ಬಿಚ್ಚಿದೆಯೇ ಎಂದು ಅದರಲ್ಲಿ ಸದಾ ಕಣ್ಣಿಟ್ಟಿರಬೇಕಾಗಿತ್ತು. ಮರುವರ್ಷ ಸೈನ್ಯದ ವೀಕ್ಷಣೆಗೆಂದು ಕೃಷಕ್ ವಿಮಾನವು ಸಿದ್ಧವಾಯಿತು. ಮುಂದೆ ರಾಷ್ಟ್ರಪತಿಗಳಾದ ಡಾ. ಅಬ್ದುಲ್ ಕಲಾಮರು ತರುಣರಾಗಿದ್ದಾಗ ಇದೇ ಕಾರ್ಖಾನೆಯಲ್ಲಿ ಎಂಜಿನುಗಳನ್ನು ಬಿಚ್ಚಿ ಜೋಡಿಸುವ ಕೆಲಸವನ್ನು ಕಲಿತರೆಂಬುದು ಇಲ್ಲಿ ಸ್ಮರಣೀಯ.

ಜೆಟ್ ಯುಗವು ಬಂದಾಗ ಘಾಟಗೆಯವರು ಹಿಂದೆ ಬೀಳಲಿಲ್ಲ. ಜೆಟ್ ಶಿಕ್ಷಣವಿಮಾನವಾದ ಕಿರಣ್ 1964ರ ಸೆಪ್ಟೆಂಬರ್ 4ರಂದು ಮೊದಲ ಹಾರಾಟವನ್ನು ನಡೆಸಿತು. ಗುರು ಶಿಷ್ಯರಿಬ್ಬರೂ ಅಕ್ಕಪಕ್ಕದಲ್ಲಿ ಕೂರುವಂತೆ ಅದನ್ನು ರಚಿಸಲಾಗಿದ್ದಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾರ್ಖಾನೆಯು ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಎಂಬ ವಿಶಾಲ ಸಂಸ್ಥೆಯಲ್ಲಿ ಸೇರಿಹೋಯಿತು. ಕಿರಣ್ ವಿಮಾನವನ್ನು ಮೊದಲು ಹಾರಿಸಿದವರು ಸುರಂಜನ್ ದಾಸ್ ಎಂಬ ಧೀರ ಪರೀಕ್ಷಾಚಾಲಕರು. ಜರ್ಮನಿಯ ಕುರ್ಟ್ ಟ್ಯಾಂಕರ ನೇತೃತ್ವದಲ್ಲಿ ಬೆಂಗಳೂರಿನಲ್ಲಿಯೇ ರಚಿತವಾದ ಮಾರುತ್ ಯುದ್ಧವಿಮಾನವನ್ನು 1961ರಲ್ಲಿ ಮೊದಲು ಹಾರಿಸಿದವರೂ ಅವರೇ. 1970ರ ಜನವರಿ 10ರಂದು ಮಾರುತ್ ವಿಮಾನದ ಹೊಸ ಮಾದರಿಯೊಂದನ್ನು ಪರೀಕ್ಷಿಸುವಾಗ ಅಪಘಾತವಾಗಿ ದಾಸ್ ಅವರು ಮೃತಪಟ್ಟರು. ಬೆಂಗಳೂರಿನ ರಸ್ತೆಯೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಹಾರಾಟಯೋಗ್ಯತೆಯ ನಿಯಮಗಳು ಕಾಗದದ ಮೇಲಿನ ಒಣ ಅಕ್ಷರಗಳಂತೆ ಕಾಣಬಹುದು. ಅವುಗಳಲ್ಲಿ ಹಲವು ಇಂಥ ದುಃಖದ ಬೆಲೆ ತೆತ್ತು ಮನುಷ್ಯನು ಕಲಿತ ಪಾಠಗಳು. ಒಂದು ಕಡೆ ಒಂದು ವಿಮಾನ ಬಿದ್ದರೆ, ಕಾರಣವನ್ನು ಹುಡುಕಿ, ಅದೇ ಜಾತಿಯ ಎಲ್ಲ ವಿಮಾನಗಳಲ್ಲಿಯೂ ಆ ದೋಷವನ್ನು ತಿದ್ದುವಂತೆ ಆಜ್ಞೆ ಹೊರಡುವುದು ಇಂದಿನ ಪದ್ಧತಿ.

ಭಾರತ ಸರ್ಕಾರವು 1965ರಲ್ಲಿ ಘಾಟಗೆಯವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. 1991ರ ಡಿಸೆಂಬರ್ 6ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಕಿರಣ್ ವಿಮಾನಗಳು ಆಗಲೂ ವಾಯುಪಡೆಯ ಶಿಕ್ಷಾರ್ಥಿಗಳನ್ನು ಹೊತ್ತು ಹಾರುತ್ತಲೇ ಇದ್ದುವು. ಅವರು ತೊಡಗಿಸಿದ ವಿಮಾನಶಾಸ್ತ್ರ ವಿಭಾಗವು ಇಂದಿಗೂ ತರುಣರನ್ನು ತಯಾರು ಮಾಡುತ್ತಿದೆ.

ಘಾಟಗೆಯವರ ಹೆಸರು ವಾಲ್‌ಚಂದರ ಹೆಸರಿನಷ್ಟು, ಕಲಾಮರ ಹೆಸರಿನಷ್ಟು ಜನರ ನಾಲಗೆಯ ಮೇಲೆ ಇಲ್ಲದಿರಬಹುದು. ಅವರ ಕೆಲಸದ ಸ್ವಭಾವವೇ ಅಂಥದು. ಸರಿಯಾಗಿ ಕಟ್ಟಿ, ಸರಿಯಾಗಿ ಪರೀಕ್ಷಿಸಿದ ವಿಮಾನವು ಸುರಕ್ಷಿತವಾಗಿ ಹೋಗಿ ಸುರಕ್ಷಿತವಾಗಿ ಮರಳುತ್ತದೆ, ಅದು ಸುದ್ದಿಯಾಗುವುದಿಲ್ಲ. ಎಚ್‌ಟಿ-2ರಲ್ಲಿ ತಡವರಿಸುತ್ತ ಹಾರಾಟ ಕಲಿತು, ತಪ್ಪು ಮಾಡಿ, ಮತ್ತೆ ನೆಲಕ್ಕಿಳಿದು ಮನೆಗೆ ಹೋದ ತರುಣರೆಷ್ಟೋ. ತಮ್ಮನ್ನು ಕಾಪಾಡಿದುದು ಎಂದೋ ಯಾರೋ ಹಾಕಿದ ಲೆಕ್ಕ, ಯಾರೋ ಪೇರಿಸಿದ ಮರಳಿನ ಚೀಲ, ಯಾರೋ ಆ ಬೆಳಗ್ಗೆ ಮಾಡಿದ ಸಹಿ ಎಂಬುದು ಅವರ ನೆನಪಿಗೆ ಬಂದಿರಲಿಕ್ಕಿಲ್ಲ. ಕಡೆಗೀಲನ್ನು ನೋಡದೆ ಚಕ್ಕಡಿ ಹೂಡದ ರೈತನಿಗೂ, ಮನಸ್ಸೊಪ್ಪದೆ ಸಹಿ ಹಾಕದ ಎಂಜಿನಿಯರನಿಗೂ, ಪರೀಕ್ಷೆಗೆ ನಿಲ್ಲದ ವಿಮಾನವನ್ನು ಹಾರಗೊಡದ ಘಾಟಗೆಯವರಂಥ ಶಿಲ್ಪಿಗಳಿಗೂ ಇರುವ ಗುಣ ಒಂದೇ. ತನ್ನನ್ನು ನಂಬಿ ಏರಿ ಕುಳಿತವರ ಪ್ರಾಣವು ತನ್ನ ಕೈಯಲ್ಲಿದೆ ಎಂಬ ಎಚ್ಚರವೇ ಆ ಗುಣ.